ಪಾವಗಡದ ಹಳ್ಳಿಯಲ್ಲಿ ನೀರಿನ ಸಮೀಕ್ಷೆ: 60 ಮನೆ ಸಾಕೇ, ಸಹಿ ಬೇಕೇ?

ಬಿಸಿಲುಸೀಮೆ

ಎಲ್ಲರಿಗೂ ನಮಸ್ಕಾರ. ಎಂ.ಎ. ಸಮಾಜಶಾಸ್ತ್ರ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್. ಪಾವಗಡ ತಾಲ್ಲೂಕಿನ ಒಂದು ಹಳ್ಳಿ, 480 ಮನೆ. ಜಲಜೀವನ ಮಿಷನ್‌ನಲ್ಲಿ ಮನೆಮನೆಗೆ ನಲ್ಲಿ ಬಂದ ಮೇಲೆ ಹೆಂಗಸರು ನೀರು ಹೊರುವುದು ಎಷ್ಟು ತಪ್ಪಿದೆ ಎಂಬುದು ವಿಷಯ. ಹೋಗುವವರು ನಾವಿಬ್ಬರೇ, ಕೈಯಲ್ಲಿರುವುದು ಹತ್ತು ದಿನ. ಯೋಜನೆ ಹೀಗಿದೆ: 60 ಮನೆಗಳಲ್ಲಿ ಪ್ರಶ್ನಾವಳಿ, 8 ಹೆಂಗಸರ ಜೊತೆ ರೆಕಾರ್ಡ್ ಮಾಡಿದ ಸಂದರ್ಶನ, ಕಿಟ್‌ನಲ್ಲಿ ಫ್ಲೋರೈಡ್ ಪರೀಕ್ಷೆ, ಶಾಲಾ ಮಕ್ಕಳ ಹಲ್ಲಿನ ಕಲೆಗಳ ಫೋಟೊ.

ಕೇಳಬೇಕಾದ್ದು ಎರಡು. 60 ಮನೆ ಸಾಕಾಗುತ್ತದೆಯೇ? ಮಾದರಿಗೆ ಎಷ್ಟು ಮನೆ ಬೇಕೆಂದು ಹೇಳುವ ಯಮಾನೆ ಸೂತ್ರಕ್ಕೆ ಹಾಕಿದರೆ 218 ಬರುತ್ತಿದೆ, ಅಷ್ಟು ಆಗುವುದಿಲ್ಲ. ಇನ್ನೊಂದು, ಒಪ್ಪಿಗೆ ಪತ್ರಕ್ಕೆ ಪ್ರತಿ ಮನೆಯಲ್ಲೂ ಸಹಿ ಹಾಕಿಸಲೇಬೇಕೇ?

ಗುಂಟೆಲೆಕ್ಕ

218 ಸರಿಯಾಗಿಯೇ ಬಂದಿದೆ: 480 ಅನ್ನು (1 + 480 × 0.05 × 0.05), ಅಂದರೆ 2.2ರಿಂದ ಭಾಗಿಸಿದರೆ 218. ಆದರೆ ಅದು ಇಡೀ ಊರಿಗೆ ಶೇ. 5ರ ಅಂತರದಲ್ಲಿ ಒಂದು ಅಂಕಿ ಹೇಳಬೇಕಾದರೆ ಮಾತ್ರ. 60 ಮನೆ ತೆಗೆದುಕೊಂಡರೆ ಅಂತರ ಸುಮಾರು 12 ಆಗುತ್ತದೆ. "ಶೇ. 60 ಮನೆಗಳಿಗೆ ನಿನ್ನೆ ನೀರು ಬಂದಿತ್ತು" ಎಂದು ಬರೆದರೆ ನಿಜವಾದ ಅಂಕಿ 48ರಿಂದ 72ರವರೆಗೆ ಎಲ್ಲಿಯಾದರೂ ಇರಬಹುದು. ವಿದ್ಯಾರ್ಥಿಯ ಪ್ರಬಂಧಕ್ಕೆ ಇದು ಸಾಕು. ಆ 12ನ್ನು ಬಚ್ಚಿಡಬೇಡಿ, ಕೋಷ್ಟಕದ ಕೆಳಗೇ ಬರೆಯಿರಿ.

ನಿಮಗೆ ತೊಂದರೆ ಬರುವುದು ಬೇರೆ ಕಡೆ. ನೀರಿನ ಪ್ರಶ್ನೆಯಲ್ಲಿ ಕೇರಿಗೂ ಊರೊಳಗಿನ ಬೀದಿಗೂ ಇರುವ ವ್ಯತ್ಯಾಸವೇ ಮುಖ್ಯ. ಆ ಕೇರಿಯಲ್ಲಿ, ಅಂದರೆ ಕಾಲೊನಿಯಲ್ಲಿ, 70 ಮನೆ ಇವೆ ಎಂದುಕೊಳ್ಳಿ. ಪಟ್ಟಿಯಲ್ಲಿ ಎಂಟಕ್ಕೊಂದರಂತೆ ಆರಿಸಿದರೆ ಕಾಲೊನಿಗೆ ಸಿಗುವುದು ಎಂಟೋ ಒಂಬತ್ತೋ ಮನೆ. ಅಷ್ಟು ಮನೆ ಇಟ್ಟುಕೊಂಡು ಶೇಕಡಾ ಲೆಕ್ಕ ಹಾಕುವುದು ಅಲ್ಲಿರುವವರಿಗೆ ಮಾಡುವ ಅನ್ಯಾಯ. ಕಾಲೊನಿಯಲ್ಲಿ 30, ಉಳಿದ 410 ಮನೆಗಳಲ್ಲಿ 30 ಎಂದು ಭಾಗ ಮಾಡಿಕೊಳ್ಳಿ. ಆಮೇಲೆ ಇಡೀ ಊರಿನ ಅಂಕಿ ಹೇಳುವಾಗ ತೂಕ ಕೊಡುವುದು ಮರೆಯಬೇಡಿ. ಉದಾಹರಣೆಗೆ ಕಾಲೊನಿಯಲ್ಲಿ 30ರಲ್ಲಿ 12 ಮನೆಗೆ, ಉಳಿದ ಕಡೆ 30ರಲ್ಲಿ 24 ಮನೆಗೆ ನೀರು ಬಂದಿದೆ ಎಂದಿಟ್ಟುಕೊಳ್ಳಿ. ಒಟ್ಟು 60ರಲ್ಲಿ 36, ಅಂದರೆ ಶೇ. 60 ಎಂದು ಬರೆದರೆ ತಪ್ಪು. 70ರ ಶೇ. 40 ಎಂದರೆ 28 ಮನೆ, 410ರ ಶೇ. 80 ಎಂದರೆ 328 ಮನೆ. ಎರಡೂ ಸೇರಿ 356, ಅದನ್ನು 480ರಿಂದ ಭಾಗಿಸಿದರೆ ಶೇ. 74. ಎರಡು ಗುಂಪುಗಳ ಅಂಕಿಯನ್ನೂ ಬೇರೆಬೇರೆಯಾಗಿ ಕೊಡಿ. ಓದುವವರಿಗೆ ಬೇಕಿರುವುದು ಆ 40 ಮತ್ತು 80.

ಒಂದೊಂದು ಭಾಗದಲ್ಲಿ 30 ಮನೆ ಇದ್ದರೆ ಶೇಕಡಾ ಹತ್ತು ಅಂಶದ ವ್ಯತ್ಯಾಸ ಗೋಚರಿಸುವುದಿಲ್ಲ, ನಲವತ್ತು ಅಂಶದ್ದು ಖಂಡಿತ ಗೋಚರಿಸುತ್ತದೆ.

ಹಟ್ಟಿಹಾದಿ

ಗುಂಟೆಲೆಕ್ಕ ಅವರ ಮಾತಿಗೆ ಮುಂಚೆ ಒಂದು ಪ್ರಶ್ನೆ. ಆ 480 ಎಲ್ಲಿಂದ ಬಂತು? ಪಂಚಾಯಿತಿಯ ಕಂದಾಯ ವಹಿಯಿಂದಾದರೆ ಅದು ಕಟ್ಟಡಗಳ ಪಟ್ಟಿ, ಸಂಸಾರಗಳದ್ದಲ್ಲ. ಒಂದೇ ನಂಬರಿನಲ್ಲಿ ಎರಡು ಒಲೆ ಇರುತ್ತವೆ, ಬೀಗ ಹಾಕಿ ಬೆಂಗಳೂರು ಸೇರಿದವರ ಮನೆಯೂ ಅದರಲ್ಲಿರುತ್ತದೆ. ಮತದಾರರ ಪಟ್ಟಿಯಲ್ಲಿ ಬೇರೆ ಊರಿಂದ ಬಂದು ನೆಲೆಸಿದವರು ಎಷ್ಟೋ ಸಲ ಇರುವುದಿಲ್ಲ. ನಿಮ್ಮ ಕೆಲಸಕ್ಕೆ ಹೆಚ್ಚು ಒದಗುವುದು ಅಂಗನವಾಡಿಯ ಕುಟುಂಬ ಸಮೀಕ್ಷೆ ವಹಿ. ಆದರೆ ಅದರಲ್ಲಿ ಗರ್ಭಿಣಿಯರ, ಮಕ್ಕಳ ವಿವರವೂ ಇರುತ್ತದೆ. ಫೋಟೊ ಹೊಡೆದುಕೊಳ್ಳಬೇಡಿ. ಮನೆ ನಂಬರು ಮತ್ತು ಬೀದಿಯನ್ನಷ್ಟೇ ಕೈಯಲ್ಲಿ ಬರೆದುಕೊಳ್ಳಿ.

ಮೊದಲ ದಿನ ಪ್ರಶ್ನಾವಳಿ ಮುಟ್ಟಲೇಬೇಡಿ, ಊರು ಸುತ್ತಿ ನಕ್ಷೆ ಬರೆಯಿರಿ. ಓವರ್‌ಹೆಡ್ ಟ್ಯಾಂಕ್ ಎಲ್ಲಿದೆ, ಪೈಪು ಯಾವ ಬೀದಿಯಲ್ಲಿ ಮೊದಲು ಹೋಗುತ್ತದೆ, ಕೊನೆಯ ನಲ್ಲಿ ಯಾವುದು, ಸಿಸ್ಟನ್ (ಬೀದಿಯ ಸಣ್ಣ ನೀರಿನ ತೊಟ್ಟಿ) ಎಷ್ಟು, ಶುದ್ಧ ನೀರಿನ ಘಟಕ ಎಲ್ಲಿ, ಎಲ್ಲವೂ ಬರಬೇಕು. ಆ ಕಡೆ ಗೊಲ್ಲರಹಟ್ಟಿಗಳು ಊರಿಂದ ಸ್ವಲ್ಪ ದೂರ ಇರುತ್ತವೆ. ಪಟ್ಟಿಯಲ್ಲಿ ಬಿಟ್ಟುಹೋಗಿದ್ದರೆ ನಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ಪೈಪಿನ ತುದಿಯಲ್ಲಿರುವ ಮನೆಗೆ ಒತ್ತಡ ಸಾಲದೆ ನೀರು ಏರುವುದಿಲ್ಲ. ಆದ್ದರಿಂದ ಪ್ರತಿ ಮನೆಗೂ "ಪೈಪಿನ ಆರಂಭ, ನಡು, ತುದಿ" ಎಂದು ಒಂದು ಗುರುತು ಹಾಕಿಕೊಳ್ಳಿ. ವಿಶ್ಲೇಷಣೆಗೆ ಕೂತಾಗ ಜಾತಿಯಷ್ಟೇ ಬೆಲೆ ಅದಕ್ಕೂ ಇರುತ್ತದೆ, ಬಹಳ ಕಡೆ ಎರಡೂ ಒಂದೇ ಗೆರೆಯಲ್ಲಿರುತ್ತವೆ.

ಬಿಸಿಲುಸೀಮೆ

ಪಟ್ಟಿ ಕಂದಾಯ ವಹಿಯದ್ದೇ. ಬದಲಾಯಿಸುತ್ತೇವೆ. ಎರಡು ಅನುಮಾನ. ಹಗಲು ಹೋದರೆ ಕೂಲಿಗೆ ಹೋದವರ ಮನೆ ಬೀಗ ಹಾಕಿರುತ್ತದೆ. ಪಕ್ಕದ ಮನೆ ತೆಗೆದುಕೊಳ್ಳಬಹುದೇ? ನೀರುಗಂಟಿ ಜೊತೆಗೆ ಬಂದು ಮನೆ ತೋರಿಸುತ್ತೇನೆ ಎಂದಿದ್ದಾರೆ, ಒಪ್ಪಿಕೊಳ್ಳೋಣವೇ?

ಹಟ್ಟಿಹಾದಿ

ಎರಡಕ್ಕೂ ಬೇಡ.

ಪಕ್ಕದ ಮನೆ ಹಿಡಿದರೆ ಏನಾಗುತ್ತದೆ ನೋಡಿ. ಹಗಲು ಹನ್ನೊಂದಕ್ಕೆ ಮನೆಯಲ್ಲಿರುವವರು ವಯಸ್ಸಾದವರು, ಅಂಗಡಿ ಇರುವವರು, ಕೂಲಿ ಮಾಡದೆ ನಡೆಯುವವರು. ನೀರಿಗಾಗಿ ಬೆಳಗ್ಗೆ ನಾಲ್ಕೂವರೆಗೆ ಏಳುವ ಕೂಲಿಯ ಹೆಂಗಸು ನಿಮ್ಮ ಲೆಕ್ಕದಿಂದ ಪೂರ್ತಿ ಹೊರಗೆ ಉಳಿಯುತ್ತಾಳೆ. ಸಂಶೋಧನೆ ಇರುವುದೇ ಅವಳ ಬಗ್ಗೆ. ಬೀಗ ಇದ್ದ ಮನೆಗೆ ಮೂರು ಸಲ ಹೋಗಿ: ಒಮ್ಮೆ ಬೆಳಗ್ಗೆ ಏಳರೊಳಗೆ, ಒಮ್ಮೆ ಸಂಜೆ ಆರರ ಮೇಲೆ, ಒಮ್ಮೆ ಭಾನುವಾರ. ಮೂರಕ್ಕೂ ಸಿಗದಿದ್ದರೆ "ಸಿಗಲಿಲ್ಲ" ಎಂದು ಬರೆಯಿರಿ, ಬದಲಿ ಬೇಡ. ನಿರಾಕರಿಸಿದ ಮನೆಗಳನ್ನೂ ಎಣಿಸಿಡಿ. 60 ಆರಿಸಿ 52 ಸಿಕ್ಕರೆ 52 ಎಂದೇ ವರದಿಯಲ್ಲಿರಲಿ.

ನೀರುಗಂಟಿ ಒಳ್ಳೆಯವರೇ ಇರಬಹುದು. ಆದರೆ ವಾಲ್ವ್ ತಿರುಗಿಸುವವರ ಎದುರಿಗೆ "ನೀರು ಸರಿಯಾಗಿ ಬರಲ್ಲ" ಎಂದು ಹೇಳಿ ನಾಳೆ ಅದೇ ಊರಲ್ಲಿ ಬದುಕಬೇಕಾದವರು ನೀವಲ್ಲ. ಪಂಚಾಯಿತಿ ಸದಸ್ಯರು ಬಂದರೂ ಇದೇ ಕಥೆ. ಪಿಡಿಒಗೆ ಕಾಲೇಜಿನ ಪತ್ರ ಕೊಟ್ಟು ತಿಳಿಸಿ, ಅದು ಮರ್ಯಾದೆ. ಆ ಅನುಮತಿ ಊರಿಗೆ ಕಾಲಿಡುವುದಕ್ಕೆ ಮಾತ್ರ. ಮನೆಯವರ ಒಪ್ಪಿಗೆಯನ್ನು ಅವರ ಪರವಾಗಿ ಕೊಡುವ ಹಕ್ಕು ಪಿಡಿಒಗೂ ಇಲ್ಲ, ಮನೆಯ ಯಜಮಾನನಿಗೂ ಇಲ್ಲ. ನೀರುಗಂಟಿಯ ಸಂದರ್ಶನ ಮಾತ್ರ ಬೇರೆಯಾಗಿ ಖಂಡಿತ ಮಾಡಿ. ತ್ರೀಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ, ಮೋಟಾರು ಸುಟ್ಟರೆ ಎಷ್ಟು ದಿನ ಎಂಬುದು ಅವರಿಗಷ್ಟೇ ಗೊತ್ತು.

ಇನ್ನೊಂದು ಸಣ್ಣ ವಿಷಯ, ಆದರೆ ಸಣ್ಣದಲ್ಲ. ಇಡೀ ದಿನ ಊರೊಳಗಿನ ದೊಡ್ಡ ಮನೆಯ ಜಗಲಿಯಲ್ಲಿ ಕೂತು ಕೊನೆಗೆ ಕೇರಿಗೆ ಹೋಗಬೇಡಿ. ಕೇರಿಯಲ್ಲಿ ನೀರು ಕೊಟ್ಟರೆ ಕುಡಿಯಿರಿ, ಕೂರಿ. ನೀರಿನ ಬಗ್ಗೆಯೇ ಕೇಳಲು ಬಂದವರು ಅಲ್ಲಿ ನೀರು ಬೇಡ ಎಂದರೆ ಆ ಮನೆಯಲ್ಲಿ ಮುಂದೆ ಏನು ಕೇಳಿದರೂ ಉಪಯೋಗವಿಲ್ಲ.

ಅಕ್ಷರತಾಳ

ಪ್ರಶ್ನಾವಳಿಯ ಕನ್ನಡದ ಬಗ್ಗೆ ನನ್ನ ಕಾಳಜಿ. ಹೆಚ್ಚಿನ ಪ್ರಶ್ನಾವಳಿಗಳು ಇಂಗ್ಲಿಷಿನಿಂದ ಅನುವಾದವಾಗಿ ಬರುತ್ತವೆ, ಅಲ್ಲೇ ಕೆಡುತ್ತವೆ.

ನಕಾರದಲ್ಲಿ ಪ್ರಶ್ನೆ ಕೇಳಬೇಡಿ. "ದಿನಾ ನೀರು ಬರಲ್ವಾ?" ಎಂದು ಕೇಳಿದರೆ "ಹೂಂ" ಎನ್ನುತ್ತಾರೆ. ಅದು "ಹೂಂ, ಬರಲ್ಲ" ಎಂದೋ "ಹೂಂ, ಬರುತ್ತೆ" ಎಂದೋ? ನೀವು "ಹೌದು" ಕಾಲಂಗೆ ಟಿಕ್ ಹಾಕಿದ ಕ್ಷಣ ಉತ್ತರ ತಲೆಕೆಳಗಾಗಿರಬಹುದು, ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಹಿಡಿಯುವುದಿಲ್ಲ.

ಐದು ಮೆಟ್ಟಿಲಿನ "ಸಂಪೂರ್ಣ ತೃಪ್ತಿ, ತೃಪ್ತಿ, ತಟಸ್ಥ..." ಮಾಪಕ ತೆಗೆದುಹಾಕಿ. ಮಾತಾಡುವಾಗ ಯಾರೂ "ತಟಸ್ಥ" ಎನ್ನುವುದಿಲ್ಲ. "ಪರವಾಗಿಲ್ಲ" ಎನ್ನುತ್ತಾರೆ. ಅದಕ್ಕೆ ಚೆನ್ನಾಗಿದೆ ಎಂಬ ಅರ್ಥವೂ ಉಂಟು, ಸಹಿಸಿಕೊಂಡಿದ್ದೇವೆ ಎಂಬ ಅರ್ಥವೂ ಉಂಟು, ಈ ಮಾತು ಬಿಡಿ ಎಂಬ ಅರ್ಥವೂ ಉಂಟು. "ಪರವಾಗಿಲ್ಲ" ಬಂದರೆ ಅದನ್ನು ಅದೇ ಪದದಲ್ಲಿ ಬರೆದುಕೊಂಡು "ಯಾವಾಗ ಸಾಲದೆ ಬಂತು?" ಎಂದು ಮುಂದಿನ ಪ್ರಶ್ನೆ ಹಾಕಿ. ಅಭಿಪ್ರಾಯ ಕೇಳುವುದಕ್ಕಿಂತ ನಡೆದದ್ದು ಕೇಳುವುದು ಮೇಲು: ನಿನ್ನೆ ನಲ್ಲಿಯಲ್ಲಿ ನೀರು ಬಂತಾ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಹಿಡಿದವರು ಯಾರು.

ಹೊರುವ ಸಮಯಕ್ಕೆ "ದಿನಕ್ಕೆ ಎಷ್ಟು ಗಂಟೆ?" ಎಂದು ಕೇಳಿದರೆ ಬಾಯಿಗೆ ಬಂದ ಅಂಕಿ ಸಿಗುತ್ತದೆ. ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಹಿಂದಿನ ದಿನದ ಬೆಳಗಿನ 4 ಗಂಟೆಯಿಂದ ಇಂದಿನ ಬೆಳಗಿನ 4ರವರೆಗೆ ಅರ್ಧರ್ಧ ಗಂಟೆಯ ಲೆಕ್ಕದಲ್ಲಿ ಕೇಳುತ್ತಾರೆ. ನೀವೂ ಹಾಗೇ ಮಾಡಿ: "ನಿನ್ನೆ ಎದ್ದ ಕೂಡಲೇ ಏನು ಮಾಡಿದ್ರಿ, ಆಮೇಲೆ?" ಎಂದು ಹೋಗಿ. ಕಾದು ನಿಂತ ಹೊತ್ತನ್ನು ಅವರು ಕೆಲಸವೆಂದು ಹೇಳುವುದಿಲ್ಲ. ಸಿಸ್ಟನ್ ಹತ್ತಿರ ನಿಂತದ್ದನ್ನು ಬೇರೆಯಾಗಿ ಕೇಳಿ.

ಪಾವಗಡ ಅಂದಮೇಲೆ ತೆಲುಗು ಇದ್ದೇ ಇದೆ. ಸುತ್ತ ಆಂಧ್ರ, ಎಷ್ಟೋ ಮನೆಗಳ ಒಳಮಾತು ತೆಲುಗು. ನಿಮ್ಮಿಬ್ಬರಲ್ಲಿ ಒಬ್ಬರಿಗಾದರೂ ಬರದಿದ್ದರೆ ತೆಲುಗು ಬಲ್ಲ ಸಹಪಾಠಿಯನ್ನು ಕರೆದೊಯ್ಯಿರಿ, ಗುಟ್ಟು ಕಾಯುವ ಮಾತನ್ನು ಅವರಿಂದಲೂ ಪಡೆಯಿರಿ. ಓಣಿಯ ಹುಡುಗನನ್ನು ಕರೆದು "ಅಜ್ಜಿ ಏನಂತಾರೆ ಹೇಳಪ್ಪ" ಎನ್ನಬೇಡಿ. ಅಜ್ಜಿ ಹೇಳಿದ್ದು ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ, ನಿಮಗೆ ಮಾತ್ರ ಅರ್ಧ ಗೊತ್ತಾಗುತ್ತದೆ.

ಗುಂಟೆಲೆಕ್ಕ

ಅಳತೆಯ ವಿಷಯ ಸೇರಿಸುತ್ತೇನೆ. ಜಮೀನು ಕೇಳಿದಾಗ "ಎರಡು ಇಪ್ಪತ್ತು" ಎಂದರೆ 2 ಎಕರೆ 20 ಗುಂಟೆ. ಎಕ್ಸೆಲ್‌ನಲ್ಲಿ 2.20 ಎಂದು ಹೊಡೆದರೆ ಕಂಪ್ಯೂಟರ್ ಅದನ್ನು ದಶಮಾಂಶ ಎಂದು ತಿಳಿಯುತ್ತದೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಅದು 2.5 ಆಗಬೇಕು. ಎಕರೆಗೊಂದು, ಗುಂಟೆಗೊಂದು ಕಾಲಂ ಮಾಡಿ, ಗುಂಟೆಯ ಕಾಲಂನಲ್ಲಿ 39ಕ್ಕಿಂತ ಹೆಚ್ಚು ಹೊಡೆಯಲು ಬಾರದಂತೆ ಕಟ್ಟಿ. ಕೋಬೋಟೂಲ್‌ಬಾಕ್ಸ್ ಎಂಬ ಸಮೀಕ್ಷೆಯ ಆ್ಯಪ್‌ನಲ್ಲಿ ಫಾರಂ ಮಾಡಿದರೆ ಇದು ಸುಲಭ, ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ಅದರಲ್ಲಿ ಜಿಪಿಎಸ್ ಪ್ರಶ್ನೆ ಹಾಕಬೇಡಿ. ಮನೆಯ ಜಿಪಿಎಸ್ ಎಂದರೆ ಮನೆಯವರ ಹೆಸರು ಹೇಳಿದಂತೆಯೇ.

ವಯಸ್ಸು ಕೇಳಿದಾಗ 40, 45, 50 ಎಂದೇ ರಾಶಿ ಬೀಳುತ್ತದೆ. ಮದುವೆ ಯಾವಾಗ ಎಂದು ಹಿಡಿದು ಹೋಗಿ: 1984ರಲ್ಲಿ ಇಂದಿರಾ ಗಾಂಧಿ ತೀರಿಕೊಂಡಾಗ, 2000ರಲ್ಲಿ ರಾಜ್‌ಕುಮಾರ್ ಅಪಹರಣ ಆದಾಗ ಮಗು ಎಷ್ಟು ದೊಡ್ಡದು ಎಂದು ಕೇಳಿದರೆ ಒಂದೆರಡು ವರ್ಷದ ಒಳಗೆ ಬರುತ್ತದೆ.

ಜಲಮಾಪಕ

ಮಿಷನ್ನಿನ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275. ಮನೆಯವರು ಹೇಳುವುದು ಬಿಂದಿಗೆಯಲ್ಲಿ. ಬಿಂದಿಗೆ ಎಷ್ಟು ಲೀಟರ್ ಎಂದು ನೀವೇ ಊಹಿಸಬೇಡಿ. ಪ್ಲಾಸ್ಟಿಕ್ಕಿನದು, ಸ್ಟೀಲಿನದು, ಹಿತ್ತಾಳೆಯದು ಎಲ್ಲ ಬೇರೆಬೇರೆ. ಒಂದು ಲೀಟರ್ ಬಾಟಲಿ ಜೊತೆಗಿರಲಿ. ಅವರು ದಿನಾ ಬಳಸುವ ಬಿಂದಿಗೆಯನ್ನು, ಅವರು ಹೊರುವಾಗ ತುಂಬಿಸುವ ಮಟ್ಟದವರೆಗೆ, ಬಾಟಲಿಯಲ್ಲಿ ಅಳೆದು ತುಂಬಿಸಿ. ಕತ್ತಿನವರೆಗೆ ತುಂಬಿದರೆ ತುಳುಕುತ್ತದೆಂದು ಎಷ್ಟೋ ಜನ ನಾಲ್ಕು ಬೆರಳು ಕಡಿಮೆ ತುಂಬುತ್ತಾರೆ. 15 ಲೀಟರಿನದಾದರೆ 275ಕ್ಕೆ ಹದಿನೆಂಟು ಬಿಂದಿಗೆಗಿಂತ ತುಸು ಹೆಚ್ಚು ಬೇಕು. ಹಿಡಿಯುವುದೇ 12 ಲೀಟರ್ ಆದರೆ ಇಪ್ಪತ್ಮೂರು. ಅಳೆದ ನೀರನ್ನು ಚೆಲ್ಲಬೇಡಿ, ಅವರ ಹಂಡೆಗೇ ಹೋಗಬೇಕು.

ಕುಡಿಯುವ ನೀರನ್ನು ಬಳಸುವ ನೀರಿನಿಂದ ಬೇರ್ಪಡಿಸಿ ಕೇಳಿ. ನಲ್ಲಿ ಬಂದರೂ ಕುಡಿಯಲು ಘಟಕದಿಂದ 20 ಲೀಟರಿನ ಕ್ಯಾನ್ ತರುವ ಮನೆಯಲ್ಲಿ ಹೊರುವ ಕೆಲಸ ತಪ್ಪಿಲ್ಲ, ಬದಲಾಗಿದೆ. ಯಾರು ತರುತ್ತಾರೆ, ಬೈಕಿನಲ್ಲೋ ಸೊಂಟದಲ್ಲೋ ಎಂಬ ಒಂದು ಪ್ರಶ್ನೆಯಲ್ಲಿ ನಿಮ್ಮ ಪ್ರಬಂಧದ ಅರ್ಧ ಉತ್ತರ ಇದೆ.

ಫ್ಲೋರೈಡ್ ಕಿಟ್. ಬಣ್ಣ ಹೋಲಿಸುವ ಕಿಟ್ ಸೂಚನೆ ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ದ್ರಾವಣದ ಅವಧಿ ನೋಡಿ. ಮೊದಲು ಡಿಸ್ಟಿಲ್ಡ್ ವಾಟರ್‌ನಲ್ಲಿ ಒಮ್ಮೆ, ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದು ಗೊತ್ತಿರುವ ದ್ರಾವಣದಲ್ಲಿ ಒಮ್ಮೆ ಪರೀಕ್ಷಿಸಿ. ಮಾದರಿಯನ್ನು ಗಾಜಿನಲ್ಲಿ ಇಡಬೇಡಿ, ಪ್ಲಾಸ್ಟಿಕ್ ಬಾಟಲಿ ಬೇಕು. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ ಹೊತ್ತಿನ ನೀರಾದರೆ ಕ್ಲೋರಿನ್ ಬಣ್ಣ ಕೆಡಿಸುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ.

ಈಗ ಮುಖ್ಯ ಪ್ರಶ್ನೆ: ಕಿಟ್‌ನಲ್ಲಿ 2 ಬಂದರೆ ಏನು ಮಾಡುತ್ತೀರಿ? ಇದನ್ನು ಊರಿಗೆ ಹೋಗುವ ಮೊದಲೇ ತೀರ್ಮಾನ ಮಾಡಿ ಬರೆದಿಡಬೇಕು. ಮನೆಯ ಬಾಗಿಲಲ್ಲೇ "ವಿಷ ಇದೆ" ಎನ್ನುವುದು ತಪ್ಪು, ಪ್ರಬಂಧ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರುವುದು ಅದಕ್ಕಿಂತ ದೊಡ್ಡ ತಪ್ಪು. ಅದೇ ಮೂಲದ ಇನ್ನೊಂದು ಮಾದರಿಯನ್ನು ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿ, ಫಲಿತಾಂಶವನ್ನು ಪಂಚಾಯಿತಿಗೆ ಲಿಖಿತವಾಗಿ ಕೊಡಿ, ಆ ಮೂಲದ ನೀರು ಬಳಸುವವರಿಗೆ ಸರಳವಾಗಿ ತಿಳಿಸಿ. "ಕಾಯಿಸಿ ಕುಡಿಯಿರಿ" ಎಂದು ಮಾತ್ರ ಹೇಳಬೇಡಿ. ಕಾಯಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ದಟ್ಟವಾಗುತ್ತದೆ.

ಸಮ್ಮತಿ

ಹಲ್ಲಿನ ಫೋಟೊ ಕೈಬಿಡಿ ಎಂದು ಕೇಳಿಕೊಳ್ಳುತ್ತೇನೆ. ಮಗುವಿನ ಬಾಯಿ ತೆಗೆಸಿ ಫ್ಲೋರೋಸಿಸ್ (ಫ್ಲೋರೈಡ್‌ನಿಂದ ಹಲ್ಲು ಕಲೆಯಾಗುವುದು) ದರ್ಜೆ ಹಾಕಿದ ಕೂಡಲೇ ಅದು ಆರೋಗ್ಯ ಸಂಶೋಧನೆ ಆಗುತ್ತದೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಒಪ್ಪಿಗೆ, ತಂದೆ ತಾಯಿಯ ಒಪ್ಪಿಗೆ ಬೇಕು. ಜೊತೆಗೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, 12ರಿಂದ 18ರವರದ್ದು ಲಿಖಿತ ಸಮ್ಮತಿ. ಮುಖ್ಯೋಪಾಧ್ಯಾಯರು ಹೂಂ ಎಂದರೆ ಸಾಲದು. ತರಗತಿಯಲ್ಲಿ ಮೇಷ್ಟ್ರು "ಬಾಯಿ ತೆಗಿ" ಎಂದರೆ ಯಾವ ಮಗುವೂ ಒಲ್ಲೆ ಎನ್ನುವುದಿಲ್ಲ, ಅದು ಒಪ್ಪಿಗೆ ಅಲ್ಲ. ಹಲ್ಲು ಕಂದಾದ ಹುಡುಗಿ ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ಅವಳು ಬಚ್ಚಿಟ್ಟದ್ದನ್ನೇ ನಾವು ಕ್ಯಾಮೆರಾದಲ್ಲಿ ಹಿಡಿಯುವುದು ಬೇಡ. ದಂತವೈದ್ಯರಿಲ್ಲದೆ ನೀವು ಹಾಕುವ ದರ್ಜೆಗೆ ಶಾಸ್ತ್ರದ ಬೆಲೆಯೂ ಇಲ್ಲ.

ಸಹಿ ವಿಷಯಕ್ಕೆ ಬಂದರೆ, ನನ್ನ ಅಭಿಪ್ರಾಯದಲ್ಲಿ ಲಿಖಿತ ಒಪ್ಪಿಗೆಯೇ ಸರಿ. ಓದಲು ಬಾರದವರಿಗೆ ಹೊರಗಿನ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು.

ಹಟ್ಟಿಹಾದಿ

ಸಮ್ಮತಿ ಅವರೇ, ಫೋಟೊ ಬಗ್ಗೆ ಪೂರ್ತಿ ಒಪ್ಪುತ್ತೇನೆ. ಸಹಿಗೆ ಇಲ್ಲ. ಹಳ್ಳಿಯಲ್ಲಿ ಹೆಬ್ಬೆಟ್ಟು ಎಂದರೆ ಸಾಲ, ಜಮೀನು, ಕೋರ್ಟು. ಅಪಾಯವೇ ಇಲ್ಲದ ನೀರಿನ ಪ್ರಶ್ನೆಗೆ ಹೆಬ್ಬೆಟ್ಟು ಕೇಳಿದರೆ ಅಪಾಯ ಇದೆಯೆಂದು ನಾವೇ ಹೇಳಿದಂತೆ. ಜೊತೆಗೆ, ಹೆಸರಿಲ್ಲದ ಪ್ರಶ್ನಾವಳಿಗೆ ಹೆಸರು ಅಂಟಿಸುವ ಒಂದೇ ಕಾಗದ ಆ ಸಹಿಯೇ. ಓದಿ ಹೇಳಿ, ಬಾಯಿಮಾತಿನ ಒಪ್ಪಿಗೆ ಪಡೆದು, ಕೇಳಿದವರು ದಿನಾಂಕ ಹಾಕಿ ತಮ್ಮ ಸಹಿ ಮಾಡಲಿ.

ಸಮ್ಮತಿ

ಆ ಕೊನೆಯ ಕಾರಣಕ್ಕೆ ಒಪ್ಪುತ್ತೇನೆ. ಹಾಗಾದರೆ 60 ಮನೆಗೆ ಬಾಯಿಮಾತು. ಮಾರ್ಗದರ್ಶಕರಿಂದ ಅದಕ್ಕೆ ಮೊದಲೇ ಲಿಖಿತ ಅನುಮತಿ ಪಡೆಯಲಿ. ರೆಕಾರ್ಡ್ ಮಾಡುವ 8 ಸಂದರ್ಶನಗಳಿಗೆ ಒಪ್ಪಿಗೆ ರೆಕಾರ್ಡಿನ ಆರಂಭದಲ್ಲೇ ಧ್ವನಿಯಲ್ಲಿರಲಿ. ರೆಕಾರ್ಡ್ ಬೇಡ, ಮಾತು ಮಾತ್ರ ಎಂದರೆ ಅದಕ್ಕೂ ದಾರಿ ಇರಲಿ.

ಆ 8 ಜನರ ಹೆಸರು ಬದಲಿಸಿದರೆ ಸಾಲದು. "ಪಂಚಾಯಿತಿಯ ಮಾಜಿ ಅಧ್ಯಕ್ಷೆ, ಕಾಲೊನಿ, 45 ವರ್ಷ" ಎಂದರೆ ಊರಿಗೆಲ್ಲ ಗೊತ್ತು. ಹುದ್ದೆ, ವಯಸ್ಸು, ಬೀದಿ ಇವುಗಳಲ್ಲಿ ಒಂದನ್ನಾದರೂ ಮಸುಕು ಮಾಡಿ. ಮಂಡ್ಯದ ಕಡೆ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಅಧ್ಯಯನ ಮಾಡಿದ ಹಳ್ಳಿಗಳಿಗೆ ವಂಗಲ, ದಲೆನ ಎಂಬ ಕಲ್ಪಿತ ಹೆಸರಿಟ್ಟರು, ಮೈಸೂರಿನ ಹತ್ತಿರದ ಊರಿಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ರಾಮಪುರ ಎಂದರು. ನೀವೂ ಇಲ್ಲಿ ಊರ ಹೆಸರು ಹೇಳದಿದ್ದದ್ದು ಒಳ್ಳೆಯದಾಯಿತು.

ಸಂದರ್ಶನದಲ್ಲಿ ನೀರಿನ ಜಗಳದ ಮಾತು ಗಂಡನ ಹೊಡೆತದ ಮಾತಿಗೆ ತಿರುಗಬಹುದು. ಅತ್ತೆಯೋ ಗಂಡನೋ ಬಂದರೆ ಮಾತು ತಕ್ಷಣ ಬಿಂದಿಗೆಗೆ ಬರಲಿ. ಒತ್ತಿ ಕೇಳಬೇಡಿ. 181 ಮಹಿಳಾ ಸಹಾಯವಾಣಿ ಮತ್ತು 112 ನಿಮ್ಮ ಬಾಯಲ್ಲಿರಲಿ. ಚೀಟಿ ಕೊಡಬೇಡಿ, ಮನೆಯಲ್ಲಿ ಅದು ಯಾರ ಕೈಗೂ ಸಿಗಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೋ ಕಾಯ್ದೆಯಡಿ ವರದಿ ಮಾಡಲೇಬೇಕು. ಹಾಗಾಗಿ "ಏನು ಹೇಳಿದರೂ ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ.

ಅಕ್ಷರತಾಳ

ಶ್ರೀನಿವಾಸ್ ಹೆಸರು ಬಂದದ್ದಕ್ಕೆ: 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫೋರ್ಡ್‌ನಲ್ಲಿ ಅವರ ಕೋಣೆಗೆ ಬೆಂಕಿ ಬಿದ್ದಾಗ, 18 ವರ್ಷ ಕೂತು ಸಂಸ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟವು. ಮೂರೂ ಒಂದೇ ಕೋಣೆಯಲ್ಲಿದ್ದವು. ನಿಮ್ಮ ಫೋನು, ಲ್ಯಾಪ್‌ಟಾಪು, ಪೆನ್‌ಡ್ರೈವ್ ಮೂರೂ ಒಂದೇ ಬ್ಯಾಗಿನಲ್ಲಿದ್ದರೆ ಅದು ಒಂದೇ ಪ್ರತಿ. ಪ್ರತಿ ರಾತ್ರಿ ಪಾಸ್‌ವರ್ಡ್ ಹಾಕಿದ ಒಂದು ಪ್ರತಿ ಇನ್ನೊಬ್ಬರ ಬಳಿ ಹೋಗಲಿ. ಆ 8 ಸಂದರ್ಶನಗಳ ಸಂಕೇತ ಸಂಖ್ಯೆಗೆ ಹೆಸರು ಹೊಂದಿಸುವ ಹಾಳೆ ಮಾತ್ರ ಬೇರೆ ಕಡೆ, ಕಾಗದದಲ್ಲಿ.

ರೆಕಾರ್ಡ್ ಮಾಡುವಾಗ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಕರೆ ಬಂದರೆ ಕೆಲವು ಆ್ಯಪ್‌ಗಳು ಅಲ್ಲಿಗೇ ನಿಲ್ಲಿಸಿಬಿಡುತ್ತವೆ. ಒಂದು ಗಂಟೆಯ ಮಾತು ಬರೆಯಲು ನಾಲ್ಕರಿಂದ ಆರು ಗಂಟೆ ಇಟ್ಟುಕೊಳ್ಳಿ. ಆಡುಮಾತನ್ನು ಗ್ರಂಥಭಾಷೆಗೆ ತಿದ್ದಬೇಡಿ. "ಸೊಂಟ ಬಿದ್ದೋಗದೆ ಕಣಮ್ಮ" ಎಂದದ್ದನ್ನು "ಸೊಂಟ ನೋವಾಗುತ್ತದೆ" ಎಂದು ಬರೆದರೆ ಹೇಳಿದವರು ಮಾಯವಾಗುತ್ತಾರೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನ ಕಡತ ಬೇರೆ ಸಾಫ್ಟ್‌ವೇರಿಗೆ ಹಾಕಿದರೆ ಬರೀ ಗೀಟುಗಳಾಗುತ್ತದೆ. ಆನ್‌ಲೈನ್ ಸಾಧನಕ್ಕೆ ಧ್ವನಿ ಹಾಕಿ ಬರಹ ಮಾಡಿಸಿಕೊಳ್ಳುವುದಾದರೆ ಅದನ್ನು ಒಪ್ಪಿಗೆಯಲ್ಲೇ ಹೇಳಿರಬೇಕು, ಏಕೆಂದರೆ ಆ ಧ್ವನಿ ಮೂರನೆಯವರ ಕೈ ಸೇರಿದಂತೆ.

ಬಿಸಿಲುಸೀಮೆ

ಫೋಟೊ ಬಿಟ್ಟೆವು. ಒಪ್ಪಿಗೆಯ ಮಾತು ಹೀಗೆ ಬರೆದಿದ್ದೇವೆ, ತಿದ್ದಿ:

"ಅಮ್ಮಾ, ನಾವು ಕಾಲೇಜಿನವರು, ಓದುವ ಮಕ್ಕಳು. ಸರ್ಕಾರದವರಲ್ಲ. ಮನೆಗೆ ನೀರು ಹೇಗೆ ಬರುತ್ತೆ, ಯಾರು ಹಿಡೀತಾರೆ ಅಂತ ಅರ್ಧ ಗಂಟೆ ಕೇಳ್ತೀವಿ. ನಿಮ್ಮ ಹೆಸರು ಬರೆಯಲ್ಲ. ಇಷ್ಟ ಇಲ್ಲದ ಪ್ರಶ್ನೆಗೆ ಉತ್ತರ ಕೊಡಬೇಡಿ. ಮಾತಾಡಬಹುದಾ?"

ಸಮ್ಮತಿ

ಚೆನ್ನಾಗಿದೆ. ಎರಡು ಮಾತು ಸೇರಿಸಿ. "ಇದರಿಂದ ನಲ್ಲಿ ಬರೋದಾಗಲಿ, ಕಾರ್ಡು ಹೋಗೋದಾಗಲಿ ಏನೂ ಆಗಲ್ಲ." 2025ರ ಸೆಪ್ಟೆಂಬರ್ 22ರಿಂದ ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯವರೇ ಮತ್ತೆ ಬಂದರು ಎಂದುಕೊಳ್ಳುವವರು ಇದ್ದೇ ಇರುತ್ತಾರೆ. ಇನ್ನೊಂದು: "ನಡುವೆ ಸಾಕು ಅನ್ನಿಸಿದರೆ ಎದ್ದು ಹೋಗ್ತೀವಿ, ಬರೆದದ್ದು ಹರಿದು ಹಾಕ್ತೀವಿ." ಆಮೇಲೆ ಪ್ರಶ್ನೆ ಹಾಕುವ ಮುಂಚೆ ಒಂದು ನಿಮಿಷ ಸುಮ್ಮನಿರಿ. ಮರ್ಯಾದೆಗೆ ಹೂಂ ಎಂದವರು ಆ ನಿಮಿಷದಲ್ಲಿ "ಒಲೆ ಮೇಲೆ ಇಟ್ಟಿದ್ದೀನಿ" ಎನ್ನುತ್ತಾರೆ. ಅದು ಬೇಡ ಎಂಬ ಮಾತು, ಎದ್ದುಬಿಡಿ.

ಹಟ್ಟಿಹಾದಿ

ಪೂರ್ವಪರೀಕ್ಷೆಗೆ ಪಕ್ಕದ ಊರಿನಲ್ಲಿ ಐದಾರು ಮನೆ ಮಾಡಿ, ಇದೇ ಊರಲ್ಲಿ ಬೇಡ; ಇಲ್ಲಿ ಮಾಡಿದರೆ ಪ್ರಶ್ನೆಗಳು ಮುಂಚೆಯೇ ಊರೆಲ್ಲ ಹರಡುತ್ತವೆ. ದಿನಕ್ಕೆ ಒಬ್ಬರಿಗೆ ಆರು ಮನೆ, ಹೆಚ್ಚು ಬೇಡ. ಇಬ್ಬರಿಗೂ ಸೇರಿ 60ಕ್ಕೆ ಐದು ದಿನ, ಮರುಭೇಟಿಗೆ ಎರಡು, ಸಂದರ್ಶನಕ್ಕೆ ಎರಡು, ನಕ್ಷೆಗೆ ಒಂದು. ಹತ್ತು ದಿನ ಸರಿಹೋಯಿತು. ಪೂರ್ವಪರೀಕ್ಷೆ ಆ ಹತ್ತಕ್ಕೆ ಮುಂಚೆ ಮುಗಿದಿರಲಿ. ಪ್ರತಿ ಸಂಜೆ ಒಬ್ಬರು ತುಂಬಿದ ಹಾಳೆಯನ್ನು ಇನ್ನೊಬ್ಬರು ಅಲ್ಲೇ, ಊರು ಬಿಡುವ ಮೊದಲು ಓದಿ; ಖಾಲಿ ಬಿಟ್ಟದ್ದನ್ನು ಬಸ್ಸಿನಲ್ಲಿ ಕೂತು ನೆನಪಿನಿಂದ ತುಂಬುವ ಹಾಗಿಲ್ಲ. ಕೆಲಸ ಮುಗಿದ ಮೇಲೆ ಒಂದು ಪುಟದ ಸಾರಾಂಶ, ಕನ್ನಡದಲ್ಲೂ ತೆಲುಗಿನಲ್ಲೂ. ಓದಿ ಹೇಳಲು ಯಾವ ದಿನ ಬರುತ್ತೀರಿ ಎಂದು ಈಗಲೇ ತಾರೀಕು ಕೊಟ್ಟು ಬನ್ನಿ.

ಬಿಸಿಲುಸೀಮೆ

ಅಂಗನವಾಡಿ ವಹಿ ನೋಡಲು ಪತ್ರ ಬರೆಯುತ್ತಿದ್ದೇವೆ. ಸಹಪಾಠಿಗಳಲ್ಲಿ ತೆಲುಗು ಬಲ್ಲ ಒಬ್ಬರು ಬರಲು ಒಪ್ಪಿದ್ದಾರೆ. ಲೀಟರ್ ಬಾಟಲಿ ಎರಡು ತೆಗೆದಿಟ್ಟೆವು.